ಅಮೆರಿಕದ ರೆಸಿಡೆನ್ಸಿಯೋ, ನೀಟ್ ಪಿಜಿಯೋ? ಅಂತಿಮ ವರ್ಷದಲ್ಲಿ ಯಾರನ್ನು ಕೇಳಬೇಕು, ಏನನ್ನು ಸಿದ್ಧಪಡಿಸಿಕೊಳ್ಳಬೇಕು?

ಪ್ರಶ್ನೆ: ಎಂಬಿಬಿಎಸ್ ವಿದ್ಯಾರ್ಥಿನಿ, ಬಾಗಲಕೋಟೆ ಜಿಲ್ಲೆ

ನಾನು ಮುಧೋಳ ತಾಲ್ಲೂಕಿನವಳು. ಈ ಭಾಗದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೂರನೇ ಪ್ರೊಫೆಷನಲ್‌ನ ಮೊದಲ ಭಾಗ ಮುಗಿಸಿ ಎರಡನೇ ಭಾಗಕ್ಕೆ, ಅಂದರೆ ಅಂತಿಮ ವರ್ಷಕ್ಕೆ, ಬಂದಿದ್ದೇನೆ. ಜನರಲ್ ಮೆಡಿಸಿನ್‌ನಲ್ಲಿಯೇ ಮುಂದುವರಿಯಬೇಕೆಂಬ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಬರೆದು ಆ ತರಬೇತಿಯನ್ನು ಇಲ್ಲಿಯೇ ಪಡೆಯಬೇಕೋ, ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು ಅಲ್ಲಿನ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿನ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕಬೇಕೋ ಎಂಬುದು ಎಷ್ಟು ಯೋಚಿಸಿದರೂ ತೀರ್ಮಾನವಾಗುತ್ತಿಲ್ಲ. ನಮ್ಮದು ಕಬ್ಬಿನ ಬೇಸಾಯದ ಮನೆ. ಕಾರ್ಖಾನೆಯಿಂದ ಬಿಲ್ಲು ಬಂದ ಮೇಲೆಯೇ ನನ್ನ ಫೀಸು ಕಟ್ಟುವುದು. ಮನೆತನದಲ್ಲಿ ಇದುವರೆಗೆ ಯಾರೂ ವೈದ್ಯರಾದವರಿಲ್ಲ, ಆದ್ದರಿಂದ ಮನೆಯಲ್ಲಿ ಕೇಳಿ ತಿಳಿಯುವಂತಿಲ್ಲ.

ನನ್ನ ಮಾರ್ಗದರ್ಶಕ ಅಧ್ಯಾಪಕರು ಒಳ್ಳೆಯವರು, ಆದರೆ ಹಾಜರಾತಿ ಮತ್ತು ಇಂಟರ್ನಲ್ ಅಂಕಗಳ ಆಚೆಗೆ ಮಾತನಾಡಲು ಅವರಿಗೂ ಸಮಯ ಸಿಗುವುದಿಲ್ಲ. ಈ ನಡುವೆ ಒಂದು ಖಾಸಗಿ ಸಂಸ್ಥೆಯವರು ದೂರವಾಣಿ ಮಾಡಿ, ಪರ್ಸನಲ್ ಸ್ಟೇಟ್‌ಮೆಂಟ್ (ಅಭ್ಯರ್ಥಿ ತನ್ನ ಬಗ್ಗೆ ಬರೆಯುವ ಬರಹ), ಶಿಫಾರಸು ಪತ್ರಗಳು, ಸಂಶೋಧನಾ ಲೇಖನ ಎಲ್ಲವನ್ನೂ ತಾವೇ ಸಿದ್ಧಪಡಿಸಿ ಕೊಡುವುದಾಗಿಯೂ, ಸಂದರ್ಶನದ ಕರೆ ಬರುವುದು ಖಚಿತವೆಂದೂ ಹೇಳಿ, ನಮ್ಮ ಕುಟುಂಬಕ್ಕೆ ಬಹಳ ದೊಡ್ಡದೆನಿಸುವ ಮೊತ್ತವನ್ನು ಕೇಳಿದ್ದಾರೆ. ಎರಡೂ ಪರೀಕ್ಷೆಗಳಿಗೆ ಒಟ್ಟಿಗೆ ಓದಬಹುದೇ? ಶಿಫಾರಸು ಪತ್ರವನ್ನು ಯಾರಿಂದ, ಯಾವಾಗ ಕೇಳಬೇಕು? ಇಂಥ ಸಂಸ್ಥೆಗೆ ಹಣ ಕೊಡುವುದು ಅಗತ್ಯವೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಇಂಟರ್ನಲ್ ಮೆಡಿಸಿನ್ ವೈದ್ಯ, ಮೂಲತಃ ಬೆಳಗಾವಿ, ಈಗ ಅಮೆರಿಕ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹಣ ಕೈಬಿಟ್ಟು ಹೋದ ಮೇಲೆ ಸಲಹೆಯಿಂದ ಉಪಯೋಗವಿಲ್ಲ. ಕೊಡಬೇಡಿ. ಸಂದರ್ಶನವನ್ನು ಖಚಿತಪಡಿಸುವ ಅಧಿಕಾರ ಯಾರಿಗೂ ಇಲ್ಲ. ಎರಾಸ್ ಎಂಬ ಅರ್ಜಿ ವ್ಯವಸ್ಥೆಯಲ್ಲಿ ಪರ್ಸನಲ್ ಸ್ಟೇಟ್‌ಮೆಂಟ್ ತನ್ನದೇ ಬರಹವೆಂದು ಅಭ್ಯರ್ಥಿ ದೃಢೀಕರಿಸಬೇಕಾಗುತ್ತದೆ. ಅದು ಸುಳ್ಳೆಂದು ತಿಳಿದುಬಂದರೆ ತನಿಖೆ ನಡೆಯುತ್ತದೆ, ಮತ್ತು ಅದರ ಕಳಂಕ ಮುಂದಿನ ಸುತ್ತುಗಳಿಗೂ ಅಂಟಿಕೊಳ್ಳುತ್ತದೆ. ದುಡ್ಡು ಕೊಟ್ಟು ಲೇಖನದಲ್ಲಿ ಹೆಸರು ಸೇರಿಸಿಕೊಂಡವರು ಸಂದರ್ಶನದಲ್ಲಿ ಆ ಲೇಖನದ ವಿಧಾನವನ್ನು ವಿವರಿಸಲಾಗದೆ ತಡವರಿಸುವುದನ್ನು ಸಂದರ್ಶಕರ ಸಾಲಿನಲ್ಲಿ ಕುಳಿತು ನೋಡಿದ್ದೇನೆ, ಅದು ನೋಡಲು ಬಹಳ ಸಂಕಟದ ದೃಶ್ಯ.

ಈಗ ದಾರಿಯ ಬಗ್ಗೆ. ವಿದೇಶದಲ್ಲಿ ಓದಿದವರು ರೆಸಿಡೆನ್ಸಿಗೆ ಸೇರಬೇಕಾದರೆ ಮೊದಲು, ಅಂಥವರ ಅರ್ಹತೆಯನ್ನು ಪರಿಶೀಲಿಸುವ ಇಸಿಎಫ್‌ಎಂಜಿ ಎಂಬ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದಕ್ಕೆ ಯುಎಸ್‌ಎಂಎಲ್‌ಇಯ ಮೊದಲೆರಡು ಪರೀಕ್ಷೆಗಳಾದ ಸ್ಟೆಪ್ 1, ಸ್ಟೆಪ್ 2 ಸಿಕೆ, ಓಇಟಿ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯನ್ನು ಒಳಗೊಂಡ, ಕ್ಲಿನಿಕಲ್ ಕೌಶಲವನ್ನು ದೃಢಪಡಿಸುವ ಪಾಥ್‌ವೇಸ್ ಪ್ರಕ್ರಿಯೆ ಮತ್ತು ಪದವಿಯ ದೃಢೀಕರಣ ಆಗಬೇಕು. 2022ರ ಜನವರಿ 26ರಿಂದ ಸ್ಟೆಪ್ 1ರಲ್ಲಿ ಅಂಕ ಕೊಡುವುದನ್ನು ನಿಲ್ಲಿಸಿ ಪಾಸು ಅಥವಾ ಫೇಲು ಎಂದಷ್ಟೇ ತಿಳಿಸುತ್ತಾರೆ. ಆದ್ದರಿಂದ ಈ ಎರಡರಲ್ಲಿ ಅರ್ಜಿಯಲ್ಲಿ ಅಂಕವಾಗಿ ಕಾಣುವುದು ಸ್ಟೆಪ್ 2 ಸಿಕೆ ಮಾತ್ರ. ಪಾಸಾದ ಸ್ಟೆಪ್ಪನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ, ಫೇಲಾದದ್ದು ದಾಖಲೆಯಲ್ಲಿ ಉಳಿಯುತ್ತದೆ. ಹೀಗಾಗಿ ಅರೆಬರೆ ಸಿದ್ಧತೆಯಲ್ಲಿ, ನೋಡೋಣ ಎಂದು ಬರೆಯುವ ಪರೀಕ್ಷೆ ಇದಲ್ಲ. ನಮ್ಮ ಕಾಲೇಜಿನ ಮಾನ್ಯತೆಯನ್ನು ಅಲ್ಲಿ ಒಪ್ಪುತ್ತಾರೋ ಇಲ್ಲವೋ ಎಂದು ಹಿಂದೆ ಇದ್ದ ಆತಂಕ ಈಗಿಲ್ಲ, ಏಕೆಂದರೆ ಇಲ್ಲಿನ ಕಾಲೇಜುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಗಳ ಅವಧಿಗೆ ದೊರೆತಿದೆ.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ ಹೇಳಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಸೇರಿ ಇನ್ನೊಂದು ರೀತಿ ಇರುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಸಾಮಾನ್ಯ. ಪರೀಕ್ಷಾ ಕೇಂದ್ರದಲ್ಲಿ ಪ್ರವೇಶಪತ್ರದ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದಬೇಕು, ಪದವಿ ಪ್ರಮಾಣಪತ್ರದ ಹೆಸರು ಬೇರೆಯಾಗಿದ್ದರೆ ಅದಕ್ಕೂ ದಾಖಲೆ ಒದಗಿಸಬೇಕು. ನೀವು ಇನ್ನೂ ಕಾಲೇಜಿನಲ್ಲಿರುವುದರಿಂದ ಇದನ್ನು ಈಗಲೇ ಸರಿಪಡಿಸಿಕೊಳ್ಳುವುದು ಸುಲಭ.

ಖರ್ಚು ಮತ್ತು ಅವಕಾಶದ ಲೆಕ್ಕವನ್ನು ಮನೆಯವರ ಮುಂದೆ ಮುಚ್ಚುಮರೆಯಿಲ್ಲದೆ ಇಡಿ. 2024ರ ಮ್ಯಾಚ್‌ನಲ್ಲಿ, ಅಂದರೆ ರೆಸಿಡೆನ್ಸಿ ಸ್ಥಾನಗಳ ವಾರ್ಷಿಕ ಹಂಚಿಕೆಯಲ್ಲಿ, ಅಮೆರಿಕದ ಎಂಡಿ ಕಾಲೇಜುಗಳ (ಅಲ್ಲಿ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನಂತೆ ಮೊದಲ ವೈದ್ಯ ಪದವಿ) ಅಂತಿಮ ವರ್ಷದವರಲ್ಲಿ ಶೇ 93.5ರಷ್ಟು ಮಂದಿಗೆ ಸ್ಥಾನ ಸಿಕ್ಕಿತ್ತು. ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕದ್ದು ಶೇ 58.5ರಷ್ಟು ಮಂದಿಗೆ. ಎರಾಸ್‌ನಲ್ಲಿ 2024ರ ಸೆಪ್ಟೆಂಬರ್ ಸುತ್ತಿನಿಂದ ಒಂದು ವಿಭಾಗದ ಮೊದಲ 30 ಅರ್ಜಿಗಳಿಗೆ ತಲಾ 11 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ 30 ಡಾಲರ್ ಶುಲ್ಕ ನಿಗದಿಯಾಗಿದೆ. ಅಂದರೆ 100 ಕಡೆ ಹಾಕಿದರೆ 2,430 ಡಾಲರ್. ಪರೀಕ್ಷೆಗಳ ಶುಲ್ಕ, ಅಮೆರಿಕದಲ್ಲಿ ಆಸ್ಪತ್ರೆಯ ಅನುಭವಕ್ಕೆಂದು ತಂಗುವ ಖರ್ಚು ಇದರಲ್ಲಿ ಸೇರಿಲ್ಲ. ವೀಸಾ ವಿಷಯದಲ್ಲಿ ಹೆಚ್ಚಿನವರು ಬರುವುದು ಜೆ-1 ಮೇಲೆ. ತರಬೇತಿ ಮುಗಿದ ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಸೇವೆ ಸಲ್ಲಿಸುವ ಕಾನ್ರಾಡ್ 30ರಂಥ ವಿನಾಯಿತಿ ಪಡೆಯಬೇಕೆಂಬುದು ಅದರ ಷರತ್ತು. ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಯುಎಸ್‌ಎಂಎಲ್‌ಇಯ ಕೊನೆಯ ಪರೀಕ್ಷೆಯಾದ ಸ್ಟೆಪ್ 3 ಮೊದಲೇ ಮುಗಿದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ವಿಧಿಸುವ ಅಧ್ಯಕ್ಷರ ಘೋಷಣೆ ಬಂದ ಮೇಲೆ ಆ ದಾರಿಯನ್ನು ನಂಬಿ ಯೋಜನೆ ಹಾಕಿಕೊಳ್ಳುವುದು ಸರಿಯಲ್ಲ.

ಎರಡನ್ನೂ ಒಟ್ಟಿಗೆ ಓದುವ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ. ವಿಷಯಜ್ಞಾನ ಒಂದೇ ಆದರೂ ಪ್ರಶ್ನೆಯ ಸ್ವಭಾವ ಬೇರೆ, ಅದಕ್ಕೆ ಬೇಕಾಗುವ ತಾಳ್ಮೆ ಬೇರೆ. ಒಂದೇ ವರ್ಷದಲ್ಲಿ ಎರಡನ್ನೂ ಗುರಿಯಾಗಿಸಿಕೊಂಡರೆ ಎರಡೂ ಸಡಿಲವಾಗುತ್ತವೆ. ಇಂಟರ್ನ್‌ಶಿಪ್ ಆರಂಭವಾಗುವುದರೊಳಗೆ ನಿರ್ಧರಿಸಿ. ಭಾರತದಲ್ಲಿ ಸ್ನಾತಕೋತ್ತರ ಎಂಡಿ ಮುಗಿಸಿ ಆಮೇಲೆ ಹೋಗಬಹುದಲ್ಲ ಎಂದು ಕೆಲವರು ಹೇಳಬಹುದು. ಹೋಗಬಹುದು, ಆದರೆ ಸಾಮಾನ್ಯವಾಗಿ ಅಮೆರಿಕದಲ್ಲಿ ರೆಸಿಡೆನ್ಸಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಮತ್ತು ಎಂಬಿಬಿಎಸ್ ಮುಗಿದು ಹಲವು ವರ್ಷಗಳಾದವರ ಅರ್ಜಿಯನ್ನು ಓದದೆಯೇ ಬದಿಗಿಡುವ ರೆಸಿಡೆನ್ಸಿ ಕಾರ್ಯಕ್ರಮಗಳಿವೆ.

ಉತ್ತರ 2: ಜನರಲ್ ಮೆಡಿಸಿನ್ ಪ್ರಾಧ್ಯಾಪಕ, ವಿಜಯಪುರ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಶಿಫಾರಸು ಪತ್ರದ ಬಗ್ಗೆ ಮಾತ್ರ ನಾನು ವಿಸ್ತಾರವಾಗಿ ಬರೆಯಲು ಬಯಸುತ್ತೇನೆ, ಏಕೆಂದರೆ ಅಂಕಗಳಿಗಾಗಿ ವರ್ಷಗಟ್ಟಲೆ ಓದುವ ನಮ್ಮ ವಿದ್ಯಾರ್ಥಿಗಳು ಪತ್ರಕ್ಕಾಗಿ ಕೊನೆಯ ವಾರದಲ್ಲಿ ಓಡಾಡುತ್ತಾರೆ, ಮತ್ತು ನಮ್ಮ ಭಾಗದ ಅರ್ಜಿಗಳು ಸೊರಗುವುದು ಇಲ್ಲಿಯೇ.

ಸಾಮಾನ್ಯವಾಗಿ ನಡೆಯುವುದೇನೆಂದರೆ, ವಿದ್ಯಾರ್ಥಿ ವಿಭಾಗದ ಮುಖ್ಯಸ್ಥರ ಕೊಠಡಿಗೆ ಬರುತ್ತಾನೆ, ಮುಖ್ಯಸ್ಥರು ಅವನನ್ನು ಒಂದೆರಡು ಸಲ ರೌಂಡ್ಸ್‌ನಲ್ಲಿ ಕಂಡಿರಬಹುದು, ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಎನ್ನುತ್ತಾರೆ. ಅವನು ಹಿರಿಯ ವಿದ್ಯಾರ್ಥಿಯಿಂದ ಪಡೆದ ಮಾದರಿಯಲ್ಲಿ ಹೆಸರು ಬದಲಿಸಿ ತರುತ್ತಾನೆ. ಶ್ರಮಜೀವಿ, ವಿನಯಶೀಲ, ಸಮಯಪಾಲನೆಯುಳ್ಳವನು, ಉಜ್ವಲ ಭವಿಷ್ಯವುಳ್ಳವನು ಎಂಬ ಮಾತುಗಳು ಅದರಲ್ಲಿರುತ್ತವೆ. ಅದೇ ಮಾತುಗಳು ಅವನ ಸಹಪಾಠಿಯ ಪತ್ರದಲ್ಲಿಯೂ ಇರುತ್ತವೆ. ಓದುವವರಿಗೆ ಅದರಿಂದ ಆ ಹುಡುಗನ ಬಗ್ಗೆ ಏನೂ ತಿಳಿಯುವುದಿಲ್ಲ. ರೆಸಿಡೆನ್ಸಿ ಕಾರ್ಯಕ್ರಮದ ನಿರ್ದೇಶಕರು ತಿಳಿಯಬಯಸುವುದು ಬೇರೆ: ಬರೆದವರು ಈ ಅಭ್ಯರ್ಥಿಯನ್ನು ಎಷ್ಟು ಕಾಲ, ಯಾವ ಕೆಲಸದಲ್ಲಿ ನೋಡಿದ್ದಾರೆ, ರೋಗಿಯ ಮುಂದೆ ಇವರು ಹೇಗೆ ಯೋಚಿಸುತ್ತಾರೆ, ತಿದ್ದಿದಾಗ ತಿದ್ದಿಕೊಳ್ಳುತ್ತಾರೆಯೇ, ಜೊತೆಯವರ ನಡುವೆ ಇವರ ಸ್ಥಾನವೇನು.

ಒಂದು ಉದಾಹರಣೆ ಕೊಡುತ್ತೇನೆ. ಕಬ್ಬು ಕಟಾವಿನ ದಿನಗಳಲ್ಲಿ ಹಾವು ಕಡಿದು ಬರುವವರು ನಮ್ಮ ಕಡೆಯ ಆಸ್ಪತ್ರೆಗಳಿಗೆ ಹೊಸಬರಲ್ಲ. ಅಂಥ ಒಬ್ಬ ಕಾರ್ಮಿಕರನ್ನು ಸಂಜೆ ಕರೆತಂದಾಗ, ವಾರ್ಡಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬರಿಗೆ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆಯನ್ನು ನೋಡಿಕೊಳ್ಳಲು ಹೇಳಲಾಯಿತು. ಎರಡು ಮಿಲಿಲೀಟರ್ ರಕ್ತವನ್ನು ನಳಿಕೆಯಲ್ಲಿ ಅಲುಗಾಡಿಸದೆ ಇಟ್ಟು, ಇಪ್ಪತ್ತು ನಿಮಿಷದ ನಂತರ ಒಮ್ಮೆ ಓರೆಮಾಡಿ ನೋಡುವುದು ಪರೀಕ್ಷೆ, ಅಷ್ಟೇ. ಆಕೆ ಕೈಗೆ ಸಿಕ್ಕ ಪ್ಲಾಸ್ಟಿಕ್ ನಳಿಕೆಯನ್ನು ಬಳಸಲಿಲ್ಲ. ಸೋಪಿನಲ್ಲಿ ತೊಳೆದಿಟ್ಟ ಗಾಜಿನ ನಳಿಕೆಯನ್ನೂ ಬೇಡವೆಂದು, ಹೊಸದಾದ ಒಣ ಗಾಜಿನ ನಳಿಕೆಯನ್ನೇ ಕೇಳಿ ತರಿಸಿದರು. ಪ್ಲಾಸ್ಟಿಕ್ಕಿನಲ್ಲಿಯೂ ಡಿಟರ್ಜೆಂಟ್ ಅಂಟಿದ ಗಾಜಿನಲ್ಲಿಯೂ ಸರಿಯಾದ ರಕ್ತವೇ ಹೆಪ್ಪುಗಟ್ಟದೆ ಉಳಿಯಬಹುದು, ಆಗ ಅಗತ್ಯವಿಲ್ಲದವರಿಗೆ ವಿಷನಿರೋಧಕ ಕೊಟ್ಟಂತಾಗುತ್ತದೆ ಎಂಬುದು ಆಕೆಗೆ ತಿಳಿದಿತ್ತು. ಸಮಯವನ್ನು ಕೇಸ್ ಶೀಟಿನಲ್ಲಿ ಬರೆದು, ನಳಿಕೆಯ ಪಕ್ಕದಲ್ಲಿಯೇ ನಿಂತರು. ಆ ಹೊತ್ತಿನಲ್ಲಿ ರೋಗಿಯ ಮಗನಿಗೆ, ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಇದನ್ನು ಪತ್ರದಲ್ಲಿ ಐದಾರು ಸಾಲುಗಳಲ್ಲಿ ಬರೆದರೆ, ಶ್ರಮಜೀವಿ ಎಂಬ ಪದವನ್ನು ಬಳಸುವ ಅಗತ್ಯವೇ ಬರುವುದಿಲ್ಲ.

ಅದನ್ನು ಬರೆಯಲು ಸಾಧ್ಯವಾಗುವುದು ಅದನ್ನು ಕಂಡವರಿಗೆ ಮಾತ್ರ. ಆದ್ದರಿಂದ ಪತ್ರವನ್ನು ದೊಡ್ಡ ಹುದ್ದೆಯವರಿಂದ ಪಡೆಯುವ ಆಸೆಯನ್ನು ಬಿಟ್ಟು, ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಸಹಾಯಕ ಅಥವಾ ಸಹ ಪ್ರಾಧ್ಯಾಪಕರನ್ನು ಕೇಳಿ. ಯಾರೂ ಹಾಗೆ ನೋಡಿಲ್ಲವೆನ್ನುವುದಾದರೆ ನಿಮಗಿನ್ನೂ ಕಾಲವಿದೆ. ಒಂದು ಯುನಿಟ್ಟನ್ನು ಆರಿಸಿಕೊಳ್ಳಿ, ಪೋಸ್ಟಿಂಗ್ ಮುಗಿದ ಮೇಲೂ ಸಂಜೆಯ ರೌಂಡ್ಸ್‌ಗೆ ಹೋಗಿ, ಒಬ್ಬ ರೋಗಿಯನ್ನು ದಾಖಲಾದ ದಿನದಿಂದ ಬಿಡುಗಡೆಯವರೆಗೆ ಹಿಂಬಾಲಿಸಿ, ನೀವು ಬರೆದ ಕೇಸನ್ನು ತಿದ್ದಿಕೊಡುವಂತೆ ಕೇಳಿ. ಬಹುಪಾಲು ಅಧ್ಯಾಪಕರು ಸಂತೋಷದಿಂದ ಒಪ್ಪುತ್ತಾರೆ. ಹಾಗೆ ಕೇಳಿಕೊಂಡು ಬರುವವರೇ ಕಡಿಮೆ. ಹೊಸ ಪಠ್ಯಕ್ರಮದಲ್ಲಿ ಮೂರನೇ ಪ್ರೊಫೆಷನಲ್‌ನ ಎರಡು ಭಾಗಗಳ ನಡುವೆ ಐಚ್ಛಿಕ ಅವಧಿಯೂ ಇದೆ. ಅದನ್ನು ಕಾಟಾಚಾರಕ್ಕೆ ಮುಗಿಸುವವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಒಬ್ಬ ಗುರುವಿನ ಜೊತೆ ಬಿಡುವಾಗಿ ಕೆಲಸ ಮಾಡಲು ಎಂಬಿಬಿಎಸ್‌ನಲ್ಲಿ ಸಿಗುವ ಅವಕಾಶ ಅದೊಂದೇ.

ಪತ್ರವನ್ನು ನೀವೇ ಬರೆದುಕೊಡಿ ಎಂದು ಅಧ್ಯಾಪಕರು ಹೇಳಿದರೆ ನಯವಾಗಿ ಬೇರೆ ದಾರಿ ತೋರಿಸಿ. ಒಂದು ಪುಟದ ಟಿಪ್ಪಣಿ ಕೊಡಿ: ಯಾವ ತಿಂಗಳು ಅವರ ಯುನಿಟ್ಟಿನಲ್ಲಿದ್ದಿರಿ, ಯಾವ ರೋಗಿಗಳನ್ನು ನೋಡಿಕೊಂಡಿರಿ (ಹೆಸರು ಬರೆಯಬಾರದು), ಅವರು ನಿಮ್ಮನ್ನು ಎಲ್ಲಿ ತಿದ್ದಿದರು, ಮುಂದೆ ಯಾವ ತರಬೇತಿಗೆ ಅರ್ಜಿ ಹಾಕುತ್ತಿದ್ದೀರಿ. ಕಡ್ಡಾಯವಾಗಿ ಬರೆಯುವ ಲಾಗ್‌ಬುಕ್ ಇದಕ್ಕೆ ಸಾಕಷ್ಟು ಸಾಮಗ್ರಿ ಕೊಡುತ್ತದೆ, ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ತುಂಬದೆ ಆಯಾ ದಿನವೇ ಬರೆದಿದ್ದರೆ. ಟಿಪ್ಪಣಿ ನಿಮ್ಮದು, ಮಾತು ಅವರದು.

ಇನ್ನು ಎಂಎಸ್‌ಪಿಇ ಎಂಬ ದಾಖಲೆಯಿದೆ. ಅದು ಶಿಫಾರಸು ಪತ್ರವಲ್ಲ, ಕಾಲೇಜು ಕೊಡುವ ಮೌಲ್ಯಮಾಪನ. ವಿದ್ಯಾರ್ಥಿಯ ಓದಿನ ಇತಿಹಾಸ, ನಡುವೆ ಬಿಡುವು ಬಿದ್ದಿದ್ದರೆ ಅದರ ಕಾರಣ, ಪ್ರತಿ ವಿಭಾಗದಲ್ಲಿನ ಕೆಲಸ, ಇವುಗಳ ಜೊತೆಗೆ ಅವರ ಕೆಲವು ವಿಶೇಷಗಳು ಅದರಲ್ಲಿರಬೇಕು. ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಮೊದಲಿನ ಮಾದರಿ ಇಲ್ಲದಿದ್ದರೆ ಪ್ರಾಂಶುಪಾಲರ ಕಚೇರಿಗೆ ಅರ್ಜಿಯ ಋತುವಿಗೆ ಕೆಲವು ತಿಂಗಳ ಮೊದಲೇ ಬರೆದುಕೊಡಿ. ಮೊದಲ ಪೀಳಿಗೆಯ ವೈದ್ಯರಾಗುತ್ತಿರುವುದು, ಕಬ್ಬಿನ ಬಿಲ್ಲಿನಿಂದ ಫೀಸು ಕಟ್ಟಿ ಓದಿದ್ದು ಆ ದಾಖಲೆಯಲ್ಲಿ ಬರಲು ಯೋಗ್ಯವಾದ ಸಂಗತಿಗಳು. ಸಂಕೋಚಪಟ್ಟು ಅದನ್ನು ಮರೆಮಾಡುವ ಅಗತ್ಯವಿಲ್ಲ.

ಉತ್ತರ 3: ಎಂಡಿ ಜನರಲ್ ಮೆಡಿಸಿನ್, ಎರಡನೇ ವರ್ಷ, ಬೆಳಗಾವಿ

ನಾನು ನೀಟ್ ಪಿಜಿ ಬರೆದು ಇಲ್ಲಿ ಸೇರಿದವನು. ಇಲ್ಲಿಯೇ ಉಳಿಯುವುದನ್ನು ಎರಡನೇ ದರ್ಜೆಯ ಆಯ್ಕೆಯೆಂದು ಯಾರೂ ಭಾವಿಸಬಾರದೆಂಬ ಕಾರಣಕ್ಕೆ ಬರೆಯುತ್ತಿದ್ದೇನೆ. 200 ಪ್ರಶ್ನೆ, 800 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಇದು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದಿರುವುದು, ಮತ್ತು ಸಲಹೆಯ ಕೊರತೆಯಿಂದ ಒಳ್ಳೆಯ ರ‍್ಯಾಂಕಿನವರೂ ಸೀಟು ಕಳೆದುಕೊಳ್ಳುವುದು ಕೌನ್ಸೆಲಿಂಗ್‌ನಲ್ಲಿ.

ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ, ಉಳಿದ ಅರ್ಧವನ್ನು ಮತ್ತು ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳೆಲ್ಲ ಎಂಸಿಸಿಯಲ್ಲಿಯೇ. ನಮ್ಮ ಕಡೆ ಇದು ಮುಖ್ಯ, ಏಕೆಂದರೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಡೀಮ್ಡ್ ವ್ಯವಸ್ಥೆಯಲ್ಲಿವೆ. ಬೆಳಗಾವಿಯ ಬಿಮ್ಸ್ ಸರ್ಕಾರಿ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಕಾಲೇಜು ಖಾಸಗಿ, ಇವೆರಡೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಮನೆಯಿಂದ ಹತ್ತಿರದ ಕಾಲೇಜೆಂದು ಕೆಇಎ ಪಟ್ಟಿಯಲ್ಲಿ ಡೀಮ್ಡ್ ಕಾಲೇಜನ್ನು ಹುಡುಕುತ್ತಾ ಕುಳಿತವರನ್ನು ನೋಡಿದ್ದೇನೆ. ಇನ್ನೊಂದು ಗೊಂದಲ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕಿರುವ ಮೀಸಲಾತಿಯದು. ಆ ಮೀಸಲಾತಿ ಇರುವುದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ನಮ್ಮ ಮೂರೂ ಜಿಲ್ಲೆಗಳು ಅದರಲ್ಲಿಲ್ಲ. ಪಿಜಿ ಸೀಟುಗಳಲ್ಲಿ ನಿವಾಸದ ಆಧಾರದ ಮೀಸಲಾತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ತೀರ್ಪು ನೀಡಿದೆ, ಹಾಗಾಗಿ ಹಿಂದಿನ ವರ್ಷಗಳ ಕಟ್ಆಫ್‌ಗಳನ್ನು ಹಾಗೆಯೇ ನಂಬಿ ಆಪ್ಷನ್ ತುಂಬಬೇಡಿ. ಎಂಡಿಗೆ ಸಮಾನವಾದ, ನ್ಯಾಷನಲ್ ಬೋರ್ಡಿನ ಡಿಎನ್‌ಬಿ ಸೀಟುಗಳನ್ನೂ ಪಟ್ಟಿಯಲ್ಲಿಡಿ.

ಆಪ್ಷನ್ ತುಂಬುವ ಮೊದಲು ಆಯಾ ಕಾಲೇಜಿನ ಈಗಿನ ಪಿಜಿಗಳ ಜೊತೆ ಮಾತನಾಡಿ. ಐಸಿಯು ರೋಗಿಗಳನ್ನು ಯಾರು ನೋಡುತ್ತಾರೆ, ಪ್ರೊಸೀಜರುಗಳನ್ನು ಕೈಯಾರೆ ಮಾಡಲು ಬಿಡುತ್ತಾರೆಯೇ, ವಾರದ ತರಗತಿಗಳು ನಿಜವಾಗಿ ನಡೆಯುತ್ತವೆಯೇ, ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿ. ಈಗ ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ನಾನು ಕಲಿತ ಅತ್ಯುತ್ತಮ ಮೆಡಿಸಿನ್‌ನಲ್ಲಿ ಒಂದು ಪಾಲು ಆ ತಿಂಗಳುಗಳದ್ದು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಆ ಸಂಸ್ಥೆಗೆ ಬೇಡವೆಂದು ತಿಳಿಸಿದ್ದೇನೆ. ಅಪ್ಪನೊಂದಿಗೆ ಕುಳಿತು ಡಾಲರಿನ ಲೆಕ್ಕವನ್ನೂ ಡೀಮ್ಡ್ ಫೀಸಿನ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದೆವು. ಇಂಟರ್ನ್‌ಶಿಪ್‌ಗೆ ಮೊದಲು ನಿರ್ಧರಿಸುತ್ತೇನೆ, ಅಲ್ಲಿಯವರೆಗೆ ಸಂಜೆಯ ರೌಂಡ್ಸ್ ಆರಂಭಿಸುತ್ತೇನೆ. ಇನ್ನೊಂದು ಸಂದೇಹವಿದೆ. ಅಮೆರಿಕದ ದಾರಿಯನ್ನೇ ಹಿಡಿದರೆ, ಇಲ್ಲಿನ ಅಧ್ಯಾಪಕರು ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ನನ್ನ ಕೈಗೆ ಕೊಡಬೇಕೇ? ಎಲ್ಲಾ ಪತ್ರಗಳೂ ಅಮೆರಿಕದ ವೈದ್ಯರಿಂದಲೇ ಇರಬೇಕೇ?

ಉತ್ತರ 1ರವರು ಮತ್ತೆ

ಲಕೋಟೆಯ ಕಾಲ ಹೋಯಿತು. ಎರಾಸ್‌ನಲ್ಲಿ ನೀವು ಪತ್ರ ಬರೆಯುವವರ ಹೆಸರನ್ನು ಸೇರಿಸಿದಾಗ ಒಂದು ಕೋರಿಕೆ ನಮೂನೆ ಸಿಗುತ್ತದೆ, ಅದನ್ನು ಅಧ್ಯಾಪಕರಿಗೆ ಕಳಿಸಬೇಕು, ಅವರು ಅದರಲ್ಲಿನ ಸಂಖ್ಯೆಯನ್ನು ಬಳಸಿ ಪೋರ್ಟಲ್‌ಗೆ ನೇರವಾಗಿ ಪತ್ರವನ್ನು ಸೇರಿಸುತ್ತಾರೆ. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಆ ಹಂತದಲ್ಲಿ ಕೇಳುತ್ತಾರೆ. ಬಿಟ್ಟುಕೊಡಿ, ಇಲ್ಲದಿದ್ದರೆ ಓದುವವರು ಪತ್ರವನ್ನು ಪೂರ್ತಿ ನಂಬುವುದಿಲ್ಲ. ವಿಭಾಗದಲ್ಲಿ ಇಂಟರ್ನೆಟ್ ಅಥವಾ ಸಮಯದ ತೊಂದರೆಯಿದ್ದರೆ, ಲೆಟರ್‌ಹೆಡ್ ಮೇಲೆ ಸಹಿ ಮಾಡಿದ ಪ್ರತಿಯನ್ನು ಪಿಡಿಎಫ್ ಮಾಡಿಡುವಂತೆ ಅವರ ಕಚೇರಿಯವರನ್ನು ಆಗಸ್ಟ್‌ನಲ್ಲಿಯೇ ವಿನಂತಿಸಿ. ಕಾರ್ಯಕ್ರಮಗಳು ಅರ್ಜಿಗಳನ್ನು ತೆರೆಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಎಂಎಸ್‌ಪಿಇ ಮತ್ತು ಅಂಕಪಟ್ಟಿ ಇಸಿಎಫ್‌ಎಂಜಿ ಮೂಲಕ ಹೋಗುತ್ತವೆ.

ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ ನಾಲ್ಕು ಪತ್ರಗಳನ್ನು ಕಳಿಸಬಹುದು. ಅಮೆರಿಕದಲ್ಲಿ ರೋಗಿಗಳನ್ನು ನೋಡುವ ಅವಕಾಶ ಸಿಕ್ಕು, ಅಲ್ಲಿನ ವೈದ್ಯರು ನಿಮ್ಮ ಕೆಲಸ ಕಂಡಿದ್ದರೆ ಅವರ ಪತ್ರಕ್ಕೆ ಹೆಚ್ಚು ಬೆಲೆಯಿದೆ, ಏಕೆಂದರೆ ಅಲ್ಲಿನ ವ್ಯವಸ್ಥೆಯಲ್ಲಿ ನೀವು ಹೊಂದಿಕೊಳ್ಳುತ್ತೀರಿ ಎಂಬುದಕ್ಕೆ ಅದು ಸಾಕ್ಷಿ. ಆದರೆ ಒಂದು ತಿಂಗಳು ಹಿಂದೆ ನಿಂತು ನೋಡಿದ ಅಬ್ಸರ್ವರ್‌ಶಿಪ್‌ನಿಂದ ಬಂದ ಎರಡು ಸಾಲಿನ ಪತ್ರಕ್ಕಿಂತ, ನಿಮ್ಮನ್ನು ವರ್ಷವಿಡೀ ವಾರ್ಡಿನಲ್ಲಿ ಕಂಡ ಬಾಗಲಕೋಟೆ ಅಥವಾ ವಿಜಯಪುರದ ಅಧ್ಯಾಪಕರ ಪತ್ರವನ್ನು ನಾನು ಮೇಲೆ ಇಡುತ್ತೇನೆ. ನಾನು ಕಳಿಸಿದ ಪತ್ರಗಳಲ್ಲಿ ಒಂದು ಬೆಳಗಾವಿಯದೇ ಆಗಿತ್ತು, ಸಂದರ್ಶನಗಳಲ್ಲಿ ನನ್ನನ್ನು ಕೇಳಿದ್ದು ಹೆಚ್ಚಾಗಿ ಅದರೊಳಗಿನ ರೋಗಿಯ ಬಗ್ಗೆಯೇ.